ಮೆಕ್ಸಿಕೋದ ಪ್ಲಾಸ್ಟಿಕ್ ಕವರ್

ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ ಎನ್ನುವ ಕೊರೊನಾ ಕಾಲದಲ್ಲಿ ನಾವು ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ನಮ್ಮ ಮನೆಯ ಸೋಫಾದಿಂದಲೇ ಮೆಕ್ಸಿಕೋಗೆ ಹೋದೆವು. ಆಫೀಸಿನವರು ಲ್ಯಾಪ್‌ಟಾಪಿನ ವಿಡಿಯೊ ಕರೆಯಲ್ಲಿ ಏರ್ಪಡಿಸಿದ್ದ ಪ್ರವಾಸ. ಮಡಕೆಗೂ ಊಟಕ್ಕೂ ಹೆಸರಾದ ಪುಟ್ಟ ಊರು. ಅಲ್ಲಿಯ ಅಜ್ಜಿಯೊಬ್ಬರು ತಾವೇ ಮಾಡಿದ ಮಣ್ಣಿನ ಹೆಂಚು ತೋರಿಸಿದರು. ಆಮೇಲೆ ಸ್ವಲ್ಪ ನಾಚಿಕೊಂಡು, ಮೆಕ್ಕೆಜೋಳದ ಹಿಟ್ಟಿನುಂಡೆಯನ್ನು ಹಳೆಯ ಪ್ಲಾಸ್ಟಿಕ್ ಕವರಿನ ನಡುವೆ ಇಟ್ಟು ರೊಟ್ಟಿ ಒತ್ತಿದರು.

ವಿಮಾನ ಸಂಚಾರ ನಿಂತು ಊರಿಗೆ ಮರಳಲಾಗದೆ ನಮ್ಮಲ್ಲೇ ಉಳಿದಿದ್ದ ಅತ್ತೆ ತಟ್ಟನೆ ಎದ್ದರು. ಅಕ್ಕಿರೊಟ್ಟಿ ತಟ್ಟಲೆಂದು ಅವರು ತೊಳೆದಿಟ್ಟಿದ್ದ ಬ್ರೆಡ್ ಕವರುಗಳನ್ನು ಬೆಳಿಗ್ಗೆಯಷ್ಟೇ ನಾನು ಕಸಕ್ಕೆ ಹಾಕಿದ್ದೆ. ಒಂದನ್ನು ಹೆಕ್ಕಿ ತಂದು ಕ್ಯಾಮೆರಾಕ್ಕೆ ಹಿಡಿದರು. ಅಜ್ಜಿಯೂ ತಮ್ಮದನ್ನು ಎತ್ತಿ ತೋರಿಸಿ ನಕ್ಕರು. ನನ್ನ ಐರಿಶ್ ಮ್ಯಾನೇಜರ್ ಏನೂ ಅರ್ಥವಾಗದೆ, ಇಲ್ಲಿಯವರು ಎಲ್ಲದಕ್ಕೂ ಹೇಳುವ "ಗ್ರ್ಯಾಂಡ್" ಎಂದ.

"ನೋಡಿದ್ರಾ ಅಳಿಯಂದಿರೇ, ಅವರೂ ಬಿಸಾಕಲ್ಲ," ಎಂದರು ಅತ್ತೆ.

ಆ ಊರಿನ ಮಡಕೆ ಒಂದೂ ನಮ್ಮ ಮನೆಗೆ ಬರಲಿಲ್ಲ. ಬ್ರೆಡ್ ಕವರ್ ಮಾತ್ರ ಅಂದಿನಿಂದ ಒಂದೂ ಮನೆಯಿಂದ ಆಚೆ ಹೋಗಿಲ್ಲ.