ಕೊನೆಯ ಸಾಲಿನ ಅಕ್ಕ ತಂಗಿ

“ಈ ಅಮ್ಮಿ ಏಳ್ನೇ ಕ್ಲಾಸೂ ದಾಟಕಿಲ್ಲ, ಬುಡ್ಸಿಬುಡಕ್ಕಾ” ಎಂದು ನನ್ನನ್ನು ತೋರಿಸಿ ಅವ್ವನಿಗೆ ಹೇಳಿದ್ದವನು ನನ್ನ ಸೋದರಮಾವ. ಎತ್ತರದವಳೆಂದು ಶಾಲೆಯಲ್ಲಿ ನನ್ನನ್ನು ಕೊನೆಯ ಸಾಲಿಗೆ ಕೂರಿಸುತ್ತಿದ್ದರು. ಬೋರ್ಡಿನ ಮೇಲೆ ಮಂಜು ಮಂಜು ಗೆರೆಗಳಷ್ಟೇ ಕಾಣುತ್ತಿದ್ದವು. ಅದನ್ನೇ ಓದಿಬಿಡುವುದು ಉಳಿದವರ ಜಾಣತನ ಅಂದುಕೊಂಡಿದ್ದೆ. ಚಾಮರಾಜನಗರದ ಕಣ್ಣಿನ ಶಿಬಿರದಲ್ಲಿ ಕನ್ನಡಕ ಕೊಟ್ಟ ಮೇಲೆ ಅಕ್ಷರಗಳು ಕಂಡವು, ಓದು ಹತ್ತಿತು.

ಮೊನ್ನೆ ಬಿ.ಎ. ಸರ್ಟಿಫಿಕೇಟು ಬಂತು. ನಮ್ಮ ಮನೆಗೆ ಅದೇ ಮೊದಲನೆಯದು. ಗುಂಡ್ಲುಪೇಟೆಗೆ ಕೊಟ್ಟ ನನ್ನ ಅಕ್ಕನ ಕೈಗೇ ಮೊದಲು ಇಟ್ಟೆ. ಅವಳು ನನಗಿಂತ ಎತ್ತರ. ತಲೆಗೆ ಹತ್ತುವುದಿಲ್ಲವೆಂದು ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದರು. ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

“ನಂಗೂವೆ ಬೋರ್ಡು ಕಾಣ್ತಿರ್ನಿಲ್ಲ ಕಣಮ್ಮಿ. ನಾನೇ ದಡ್ಡಿ ಅನ್ಕೊಬುಟ್ಟಿದ್ದೆ” ಅಂದಳು.