ಎರಡು ಮನಸ್ಸಿನ ಪಿಸ್ತೂಲು

ವಿಜಾಪುರದ ಶಾಪೇಟೆಯಲ್ಲಿ ಲಾಡಲೇಸಾಬನ ಬಂದೂಕು ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಬ್ಬ ಒಳಗೆ ಕುಳಿತರೆ ಇನ್ನೊಬ್ಬ ಹೊರಗೆ ನಿಲ್ಲಬೇಕು. ಬಂದ ಬಂದೂಕಿನ ನಳಿಗೆ ಉದ್ದವಿದ್ದರೆ ಅದರ ಮೂತಿಯೂ ಹೊರಗೇ. ಗೋಡೆಯ ಮೇಲೆ ಸರಕಾರದ ಪರವಾನಗಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ. ಅದು ರಿಪೇರಿಗೆ ಮಾತ್ರ ಕೊಟ್ಟ ಪರವಾನಗಿ. ಹೊಸದಾಗಿ ಒಂದು ಆಯುಧ ಮಾಡುವಂತಿಲ್ಲ. ಅವನ ಅಪ್ಪನಿಗೂ ಅದೇ, ಅಜ್ಜನಿಗೂ ಅದೇ. ಮೂರು ತಲೆಮಾರು ಬೇರೆಯವರು ಮಾಡಿದ್ದರ ಜಂಗು, ತುಕ್ಕು ತಿಕ್ಕಿಯೇ ಹೊಟ್ಟೆ ಹೊರೆದಿತ್ತು.

ಬಡಾಯಿಗೆ ಮಾತ್ರ ಯಾವ ಪರವಾನಗಿಯೂ ಬೇಕಿರಲಿಲ್ಲ. ಬುರುಜಿನ ಮೇಲಿನ ದೊಡ್ಡ ತೋಪನ್ನು ಎರಕ ಹೊಯ್ದವರು ನಮ್ಮ ಹಿರಿಯರೇ ಎಂದು ಅಜ್ಜ ಹೇಳುತ್ತಿದ್ದ. ಆ ತೋಪು ಅಹ್ಮದನಗರದಲ್ಲಿ ತಯಾರಾಗಿ ಇಲ್ಲಿಗೆ ಬಂದದ್ದು ಎಂದು ಕನ್ನಡ ಸಾಲಿಯ ಮಾಸ್ತರರೊಬ್ಬರು ತಿದ್ದಿದ ಮೇಲೆ ಲಾಡಲೇಸಾಬ ಆ ಕಥೆಯನ್ನೂ ಒಂದಿಷ್ಟು ರಿಪೇರಿ ಮಾಡಿದ. ಎರಕ ಹೊಯ್ದವರಲ್ಲ, ಎಳೆದು ತಂದವರಲ್ಲಿ ನಮ್ಮವರಿದ್ದರು ಎಂದ. ಐವತ್ತು ದಾಟಿದ ಮೇಲೆ ಅದನ್ನೂ ಇಳಿಸಿ, ಎಳೆಯುವ ಎತ್ತಿಗೆ ಮೇವು ಹಾಕಿದವರಂತೂ ಇದ್ದೇ ಇರಬೇಕು ಎನ್ನತೊಡಗಿದ. ತನ್ನನ್ನು ತಾನು ಹೀಗೆ ಹಂತ ಹಂತವಾಗಿ ಇಳಿಸಿಕೊಂಡು ನಗುವ ಗುಣ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಸಾರವಾಡದ ಒಂದು ಸಂಜೆ ಅವನಿಗೆ ಕಲಿಸಿದ್ದು.

ಅವನ ದಂಧೆಗೆ ಎರಡೇ ಸುಗ್ಗಿ. ಒಂದು ಚುನಾವಣೆ. ಆಗ ಊರೂರಿನ ಬಂದೂಕುಗಳೆಲ್ಲ ಠಾಣೆಗೆ ಹೋಗಿ ಮೂಲೆಯಲ್ಲಿ ಬಿದ್ದು, ಎಣಿಕೆ ಮುಗಿದ ಮೇಲೆ ಜಂಗು ತಿಂದು ಹೊರಬರುತ್ತಿದ್ದವು. ಇನ್ನೊಂದು ದಸರೆ. ಖಂಡೆ ಪೂಜೆಗೆ ಆಯುಧ ಥಳಥಳ ಅನ್ನಬೇಕಲ್ಲ, ಗೌಡರು ದೇಸಾಯರು ಎಲ್ಲರೂ ಮೊದಲೇ ತಂದು ತಿಕ್ಕಿಸಿಕೊಂಡು ಹೋಗುತ್ತಿದ್ದರು. ಪೂಜೆ ಮುಗಿದ ಮೇಲೆ ಅವೇ ಬಂದೂಕು ಮತ್ತೆ ಬರುತ್ತಿದ್ದವು. ಸಂದುಗೊಂದಿನಲ್ಲೆಲ್ಲ ಕುಂಕುಮ, ಅರಿಸಿನದ ಭಂಡಾರ, ಎಣ್ಣೆ ಸೇರಿ ರಾಡಿ. ಮೂವತ್ತು ವರ್ಷ ಆ ರಾಡಿಯನ್ನು ಕಡ್ಡಿ ಹಾಕಿ ಕೆದರುತ್ತ ಅವನು ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ಈ ಮಾತು ನೆನಪಿರಲಿ. ಅವನಿಗೇ ಅದು ನೆನಪಾಗಬೇಕಾದಾಗ ಆಗಲಿಲ್ಲ.

ಎಪ್ಪತ್ತೆಂಟರ ಚುನಾವಣೆ ಮುಗಿದ ಮೇಲೆ ಸಾರವಾಡದ ಬಸಗೊಂಡಪ್ಪ ಗೌಡ ತನ್ನ ಪರವಾನಗಿ ಪಿಸ್ತೂಲು ತಂದ. ತಾತನ ಕಾಲದ ಇಂಗ್ಲೀಷ್ ಮಾಲು, ಒಂದು ಸಲಕ್ಕೆ ಒಂದೇ ಕಾಡತೂಸು ಹಿಡಿಯುವಂಥದು. ಗೌಡನ ದುಃಖ ಜಂಗಿನದಲ್ಲ. ರಾತ್ರಿ ಹೊಲದಲ್ಲಿ ಸಪ್ಪಳವಾದರೆ ಯಾರೆಂದು ತಿಳಿಯುವುದಿಲ್ಲ. ಹಾರಿಸಿದರೆ ಒಂದು ಜೀವ ಹೋಗುತ್ತದೆ, ಬಿಟ್ಟರೆ ಶೇಂಗಾ ಹೋಗುತ್ತದೆ. ಎರಡು ಬುಟ್ಟಿ ಶೇಂಗಾಕ್ಕೆ ಒಬ್ಬ ಮನುಷ್ಯನನ್ನು ಕೊಂದು ಯಾವ ದೇವರಿಗೆ ಮುಖ ತೋರಿಸಲಿ ಎಂದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಂಥ ಒಂದು ಪಿಸ್ತೂಲು ಇಲ್ಲವೇ ಎಂದು ಕೇಳಿದ. ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಲಾಡಲೇಸಾಬನ ಬಾಯಿಗೆ ಆ ಶಬ್ದ ಬರುತ್ತಿರಲಿಲ್ಲ.

ಒಂದೇ ಪಿಸ್ತೂಲು, ಎರಡು ಮನಸ್ಸು. ಸೀಸದ ಗುಂಡಿನ ಕಾಡತೂಸು ಹಾಕಿದರೆ ಕೊಲ್ಲಬೇಕು, ಮೇಣದ ಗುಂಡಿನದು ಹಾಕಿದರೆ ಬಾಸುಂಡೆ ಬರಿಸಿ ಬಿಡಬೇಕು. ಐದು ತಿಂಗಳು ಅದರ ಹಿಂದೆಯೇ ಬಿದ್ದ. ಹೊಸದು ಮಾಡುವಂತಿಲ್ಲ ನೋಡಿ, ಅದಕ್ಕೆ ಇದನ್ನೂ ರಿಪೇರಿ ಎಂದೇ ಕರೆದ. ಅರಕೇರಿ ಕಡೆಯ ಹಳೇ ಕಲ್ಲಿನ ಖಣಿಗೆ ಹೋಗಿ ಕುಂಬಳಕಾಯಿ ಇಟ್ಟು ಹಾರಿಸಿ ನೋಡಿದ. ಸೀಸ ಕುಂಬಳಕಾಯಿಯನ್ನು ಚೂರು ಮಾಡಿತು. ಮೇಣ ಅದರ ಮೇಲೆ ಚಪ್ಪಟೆಯಾಗಿ ಅಂಟಿಕೊಂಡಿತು. ಆ ಅಂಟಿದ ಕುಂಬಳಕಾಯಿಯನ್ನು ಬಗಲಲ್ಲಿ ಇಟ್ಟುಕೊಂಡು ಓಣಿಯುದ್ದಕ್ಕೂ ಮೆರವಣಿಗೆ ಬಂದಂತೆ ಮನೆಗೆ ಬಂದ. ಹೆಂಡತಿ ಪೀರಾಂಬಿ ಅದನ್ನು ಇಸಿದುಕೊಂಡು, ಮೇಣ ಕೆರೆದು, ಪಲ್ಯ ಮಾಡಿದಳು.

ಅಲ್ಲಿಗೆ ನಿಂತಿದ್ದರೂ ಚಲೋ ಇತ್ತು. ಆದರೆ ಕುಶಲ ಕೆಲಸಗಾರನ ಕೈ ಸುಮ್ಮನಿರುವುದಿಲ್ಲ. ಎರಡೂ ಕಾಡತೂಸು ಕೈಗೆ ಒಂದೇ ತೂಕ ಹತ್ತಬೇಕು, ಗೌಡನ ಕೈಗೆ ಗೊಂದಲವಾಗಬಾರದು ಎಂದು ಹಟ ಹಿಡಿದ. ಅಕ್ಕಸಾಲಿಗನ ತಕ್ಕಡಿ ತಂದು ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಸರಿ ಮಾಡಿದ. ಎಲ್ಲದರ ಬಾಯಿಗೂ ಒಂದೇ ನಮೂನೆ ಮೇಣ ಮೆತ್ತಿ, ಹನಿ ನೀರು ಹೋಗದಂತೆ ಮುಚ್ಚಿದ. ಆರು ಕೊಲ್ಲುವವು, ಆರು ಕೊಲ್ಲದವು, ಹನ್ನೆರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ಕಣ್ಣು ಮುಚ್ಚಿ ಹಿಡಿದರೆ ಯಾವುದು ಯಾವುದೆಂದು ಸ್ವತಃ ತನಗೂ ತಿಳಿಯುವುದಿಲ್ಲ ಎಂದು ಹಾಲಿನಂಗಡಿಯವನಿಗೂ ಹೇಳಿಕೊಂಡು ಬಂದ. ಅದನ್ನು ಹೆಚ್ಚುಗಾರಿಕೆ ಎಂದು ತಿಳಿದ ಮಹಾಶಯ ಈ ಭೂಮಿಯ ಮೇಲೆ ಅವನೊಬ್ಬನೇ ಇದ್ದಾನು.

ಗುರುತಿಗೆಂದು ಕೊಲ್ಲುವ ಆರರ ತಳಕ್ಕೆ ಕಾವಿ ಹಚ್ಚಿದ. ಪೀರಾಂಬಿ ಪಕ್ಕದಲ್ಲೇ ಕೌದಿ ಹೊಲಿಯುತ್ತ ಕುಳಿತಿದ್ದಳು. ಹಳೇ ಸೀರೆ, ಹಳೇ ಅಂಗಿ ಒಂದಕ್ಕೊಂದು ತೇಪೆ ಹಚ್ಚಿ ಅವಳು ಹೊಲಿದ ಕೌದಿ ಹರಿದದ್ದನ್ನು ಯಾರೂ ಕಂಡಿರಲಿಲ್ಲ. ಕಾವಿ ತೊಳೆದರೆ ಹೋಗುತ್ತದಲ್ಲ, ಬೇರೆ ಏನಾದರೂ ಗಟ್ಟಿ ಗುರುತು ಮಾಡಿರಿ ಎಂದಳು.

"ಕಾಡತೂಸ ಯಾರರ ತೊಳೀತಾರೇನ? ಇದೇನ ನಿನ್ನ ಕೌದಿ ಅಲ್ಲ" ಎಂದು ಲಾಡಲೇಸಾಬ ನಕ್ಕ.

ಗೌಡನಿಗೆ ಮಾಲು ಮುಟ್ಟಿಸುವಾಗ ಇನ್ನೊಂದು ಮಾತು ಬಾಯಿಂದ ಜಾರಿತು. ವಿಜಯದಶಮಿಯ ಸಂಜೆ ಊರವರೆಲ್ಲ ಬನ್ನಿಗೆ ಸೇರಿದಾಗ ಹತ್ತು ಹೆಜ್ಜೆ ದೂರದಲ್ಲಿ ತಾನೇ ಎದೆಯೊಡ್ಡಿ ನಿಲ್ಲುತ್ತೇನೆ, ಮೇಣದ ಗುಂಡು ಹೊಡೆಯಿರಿ, ನಾಲ್ಕು ಜನ ನೋಡಲಿ ಎಂದ. ಗೌಡನೂ ಹುರುಪಾದ. ಇದು ಗೆದ್ದರೆ ದೊಡ್ಡ ಪೋಲೀಸ ಸಾಹೇಬರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ತಯಾರು ಮಾಡುವ ಪರವಾನಗಿಗೆ ಶಿಫಾರಸು ಮಾಡುತ್ತೇನೆ ಎಂದ. ಮೂರು ತಲೆಮಾರಿನ ಆಸೆ. ಲಾಡಲೇಸಾಬ ಮರುದಿನವೇ 'ಪಿಸ್ತೂಲು ತಯಾರಕರು' ಎಂದು ಹೊಸ ಬೋರ್ಡು ಬರೆಯಿಸಿ ಕಪಾಟಿನ ಹಿಂದೆ ಬಚ್ಚಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ದಶಮಿಯ ದಿನ ತನ್ನ ನಿಕಾಹದ ಕರಿ ಕೋಟು ಹಾಕಿಕೊಂಡು ಬಸ್ಸಿನಲ್ಲಿ ಸಾರವಾಡಕ್ಕೆ ಬಂದಿಳಿದ. ಇಪ್ಪತ್ತೇಳು ವರ್ಷದ ಕೋಟು, ಗುಂಡಿ ಹಾಕಿದರೆ ಉಸಿರಾಡುವಂತಿರಲಿಲ್ಲ. ಊರ ಹೊರಗೆ ಬನ್ನಿ ಗಿಡದ ಸುತ್ತ ಆಗಲೇ ಜನ ನೆರೆದಿತ್ತು. ಗೌಡನ ಹೆಂಡತಿ ಲಕ್ಕವ್ವ ಹಿತ್ತಾಳೆಯ ತಾಟಿನಲ್ಲಿ ಪಿಸ್ತೂಲು, ಕಾಡತೂಸು ಇಟ್ಟುಕೊಂಡು ಬಂದಳು. ತಾಟು ನೋಡಿದ್ದೇ ತಡ ಲಾಡಲೇಸಾಬ ಬಗ್ಗಿ ಕಾವಿಯ ಗುರುತು ಹುಡುಕಿದ.

ಹನ್ನೆರಡೂ ಕಾಡತೂಸು ಬಂಗಾರದಂತೆ ಹೊಳೆಯುತ್ತಿದ್ದವು. ಹನ್ನೆರಡರ ತಳಕ್ಕೂ ಕುಂಕುಮದ ಬೊಟ್ಟು ಇತ್ತು.

ಲಕ್ಕವ್ವ ದನಿ ಇಳಿಸಿ, ಬೇರೆಯವರಿಗೆ ಕೇಳಿಸಬಾರದೆಂಬ ಕಾಳಜಿಯಿಂದ ಹೇಳಿದಳು: "ಯಣ್ಣಾ, ಆರು ಕಾಡತೂಸಿಗಿ ಜಂಗ ಹಿಡದಿತ್ತ ನೋಡ. ನಿನ್ನ ಮಾನ ಹೋಗಬಾರದಂತ ಹುಣಶಿಹಣ್ಣ, ಬೂದಿ ಹಚ್ಚಿ ಎಲ್ಲಾ ತಿಕ್ಕೇನಿ. ಗೌಡ್ರಿಗೂ ಹೇಳಿಲ್ಲ."

ಹಬ್ಬಕ್ಕೆ ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುವ ನಾಡಿನಲ್ಲಿ ಹುಟ್ಟಿ ಬೆಳೆದವನು, ಖಂಡೆ ಪೂಜೆಯ ಕುಂಕುಮವನ್ನು ಮೂವತ್ತು ವರ್ಷ ಕೆದರಿದವನು, ಹಿತ್ತಾಳೆಯ ಕಾಡತೂಸಿಗೆ ಕೆಂಪು ಕಾವಿ ಹಚ್ಚಿ, ಪೂಜೆಯ ಹಿಂದಿನ ದಿನ ಗೌಡರ ಮನೆಗೆ ಕೊಟ್ಟು ಬಂದಿದ್ದ. ಆ ಹೆಣ್ಣುಮಗಳದೇನೂ ತಪ್ಪಿರಲಿಲ್ಲ. ಅವಳು ಅವನ ಮಾನ ಕಾಯ್ದಿದ್ದಳು.

ಗೌಡ ತಾಟನ್ನು ಅವನ ಮುಂದೆ ಹಿಡಿದು, ಮೇಣದ್ದು ಯಾವುದು ಆರಿಸಿ ಕೊಡು ಎಂದ. ಸುತ್ತ ಇನ್ನೂರು ಕಣ್ಣು. ಒಂದರ ಬಾಯಿ ಕೆರೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಮಾಡಿದವನೇ ತನ್ನ ಮಾಲನ್ನು ಬಿಚ್ಚಿ ನೋಡಿದರೆ ಆ ಪರವಾನಗಿ, ಆ ಬೋರ್ಡು, ಆ ಮೂರು ತಲೆಮಾರು ಎಲ್ಲ ಅಲ್ಲಿಗೇ ಮಣ್ಣುಗೂಡುತ್ತವೆ. ಲಾಡಲೇಸಾಬ ಒಂದು ಕಾಡತೂಸು ಎತ್ತಿ ಬೆಳಕಿಗೆ ಹಿಡಿದ, ಕಣ್ಣು ಕಿರಿದು ಮಾಡಿದ, ತಲೆಯಾಡಿಸಿದ, ಅದನ್ನಿಟ್ಟು ಇನ್ನೊಂದನ್ನು ತೆಗೆದ. ರತ್ನಪಡಿ ವ್ಯಾಪಾರಿಯೂ ಅಷ್ಟು ಗಂಭೀರವಾಗಿ ನೋಡಲಾರ. ಅದನ್ನು ಗೌಡನ ಕೈಗೆ ಕೊಟ್ಟ. ಅವನಿಗೆ ಕಂಡದ್ದು ಕುಂಕುಮ ಮಾತ್ರ.

ಹತ್ತು ಹೆಜ್ಜೆ ಎಣಿಸಿದ. ಮೇಣ ಹತ್ತಿ ಕೋಟು ಕೆಟ್ಟೀತೆಂದು ಬಿಚ್ಚಿ, ಪಕ್ಕದ ಜಾಲಿಯ ಬೊಡ್ಡೆಯಿಂದ ಮೊಳೆಯಂತೆ ಚಾಚಿದ್ದ ಕೊಂಬೆಗೆ ಹಾಕಿದ. ಪ್ರಾಣ ಅರ್ಧಕ್ಕರ್ಧ ಬಾಜಿಗೆ ಬಿದ್ದಿರುವಾಗಲೂ ಕೋಟಿನ ಚಿಂತೆ. ಈ ಒಂದು ಸಂಗತಿಗೆ ಮುಂದೆ ಅವನು ಸಾಯುವತನಕ ತನ್ನನ್ನು ತಾನೇ ಆಡಿಕೊಂಡ.

ಗೌಡ ಪಿಸ್ತೂಲು ಎತ್ತಿದ. ಕೈ ನೆಟ್ಟಗಿತ್ತು, ಮುಖದಲ್ಲಿ ನಗೆ ಇತ್ತು. ಲಾಡಲೇಸಾಬನಿಗೆ ದೇವರು ನೆನಪಾಗಲಿಲ್ಲ, ಅಪ್ಪ ಅಜ್ಜ ನೆನಪಾಗಲಿಲ್ಲ. ಪೀರಾಂಬಿ ಸೂಜಿಗೆ ದಾರ ಪೋಣಿಸುವಾಗ ದಾರದ ತುದಿ ಬಾಯಿಗಿಟ್ಟು ಒದ್ದೆ ಮಾಡುವುದು ನೆನಪಾಯಿತು. ಈ ಸಂಜೆ ಯಾರೋ ಹೋಗಿ ಅವಳಿಗೆ ಹೇಳಬೇಕು. ಏನೆಂದು ಹೇಳಿಯಾರು? ಹುಣಸೆಹಣ್ಣಿನಿಂದ ಸತ್ತನೆಂದೇ? ಕಣ್ಣು ತುಂಬಿತು. ಕೈ ತಾನಾಗಿ ಮೇಲೆದ್ದಿತು.

"ತಡೀರಿ ಗೌಡ್ರ. ಅದು ಯಾವದಂತ ನನಗ ಗೊತ್ತಿಲ್ಲ."

ಗೌಡನಿಗೆ ಅರ್ಥವಾಗಲಿಲ್ಲ. ನೀನೇ ಆರಿಸಿ ಕೊಟ್ಟೆಯಲ್ಲ ಎಂದ.

"ಆರಿಸಿಲ್ರಿ. ಕೈಗಿ ಸಿಕ್ಕಿದ್ದು ಕೊಟ್ಟೇನಿ. ಗುರುತ ತೊಳದ ಹೋಗೇತಿ. ಜನಾ ನಗತಾರಂತ ಸುಮ್ಮನಿದ್ದೆ."

ಗೌಡ ಪಿಸ್ತೂಲು ಇಳಿಸಿದ. ಅವನ ಮುಖದ ನಗೆ ಹೋಯಿತು. ಲಕ್ಕವ್ವ ತಾಟು ಎದೆಗೆ ಅವುಚಿಕೊಂಡು ನಿಂತಿದ್ದಳು. ಗೌಡ ಎಲ್ಲರನ್ನೂ ಹಿಂದೆ ಸರಿಸಿ, ಜಾಲಿಯ ಕಡೆ ತಿರುಗಿ, ಕೋಟಿಗೆ ಗುರಿಯಿಟ್ಟು ಹಾರಿಸಿದ. ಕೋಟು ಒಮ್ಮೆ ಜಿಗಿದು ಸುಮ್ಮನಾಯಿತು. ಹೋಗಿ ನೋಡಿದರೆ ಎಡಗಡೆ, ಕಿಸೆಯ ಮೇಲೆ, ಹೆಬ್ಬೆರಳು ತೂರುವಷ್ಟು ತೂತು. ಸೀಸ ಜಾಲಿಯ ಬೊಡ್ಡೆಯೊಳಗೆ ಹೊಕ್ಕು ಕುಳಿತಿತ್ತು.

ಗೌಡ ಅಲ್ಲೇ ಕಲ್ಲಿನ ಮೇಲೆ ಕುಸಿದ. "ನಾಚಿಕಿಗಿ ಅಂಜಿ ನನ್ನ ಕೈಲೆ ನಿನ್ನ ಹೆಣಾ ಬೀಳಸ್ತಿದ್ದೆಲ್ಲೋ" ಎಂದ. ಸಿಟ್ಟಿನಲ್ಲಿ ಹೇಳಹೋದದ್ದು ಅಳುವಾಗಿ ಬಂತು. ಲಾಡಲೇಸಾಬನಿಗೆ ಜೀವ ಉಳಿದ ಸಂತೋಷವೂ ಆಗಲಿಲ್ಲ, ಅಷ್ಟು ನಾಚಿಕೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಗೌಡ ಎದ್ದು ಬಂದು ಬನ್ನಿ ಎಲೆಗಳನ್ನು ಅವನ ಅಂಗೈಯಲ್ಲಿ ಇಟ್ಟು, ಅವನ ಬೆರಳು ಮಡಿಚಿ, ಬನ್ನಿ ತೊಗೊಂಡು ಬಂಗಾರದಂಗ ಇರೋಣು ಎಂದ. ಪಿಸ್ತೂಲು ಮೊದಲಿದ್ದಂತೆ ಮಾಡಿಕೊಡು ಎಂದೂ ಹೇಳಿದ. ಅದೊಂದನ್ನು ಮಾತ್ರ ಲಾಡಲೇಸಾಬ ನಿಜವಾಗಿ ರಿಪೇರಿ ಮಾಡಿದ. ಉಳಿದ ಹನ್ನೊಂದು ಕಾಡತೂಸು ಬಿಚ್ಚಿ ನೋಡಿದಾಗ ಸೀಸದವು ಐದು, ಮೇಣದವು ಆರು ಇದ್ದವು. ಬೋರ್ಡು ಕೋಳಿಗೂಡಿನ ಬಾಗಿಲಾಯಿತು.

ಆ ದಿನ ಮನೆಗೆ ಬಂದು ಕೋಟನ್ನು ಮಡಿಚಿ ಟ್ರಂಕಿನ ತಳಕ್ಕೆ ತಳ್ಳಿದ. ಪೀರಾಂಬಿ ಮರುದಿನ ಅದನ್ನು ಬಿಸಿಲಿಗೆ ಹಾಕಲು ತೆಗೆದಳು. ಇಲಿ ಕಡಿದಿದೆ ಎಂದ. ಅವಳು ತೂತಿನಲ್ಲಿ ಬೆರಳು ತೂರಿಸಿ, ಸುಟ್ಟ ಅಂಚನ್ನು ಮೂಸಿ ನೋಡಿ, ಅವನ ಮುಖ ನೋಡುತ್ತ ಕುಳಿತಳು. ಲಾಡಲೇಸಾಬ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಕೋಟನ್ನು ಅವನ ಎದೆಗೆ ಹಿಡಿದು ತೂತು ಎಲ್ಲಿ ಬರುತ್ತದೆಂದು ನೋಡಿದಳು. ಬಂದದ್ದು ಎಲ್ಲಿಗೆ ಬರಬೇಕೋ ಅಲ್ಲಿಗೇ. ಸೆರಗಿನಿಂದ ಕಣ್ಣೊರೆಸಿಕೊಂಡು ಕೌದಿಯ ಗಂಟಿನಿಂದ ಒಂದು ಕೆಂಪು ಚೂರು ತೆಗೆದು ತೇಪೆ ಹಚ್ಚಲು ಕುಳಿತಳು. ಕರಿ ಕೋಟಿಗೆ ಕರಿ ಚೂರು ಹಚ್ಚು, ಎದ್ದು ಕಾಣುತ್ತದೆ, ಜನ ಕೇಳುತ್ತಾರೆ ಎಂದು ಅವನು ಗೋಗರೆದ.

"ಕೇಳಲಿ" ಎಂದಳು ಪೀರಾಂಬಿ, ದಾರವನ್ನು ಹಲ್ಲಿನಿಂದ ಕಡಿದು. "ಇದು ತೊಳದ್ರ ಹೋಗಂಗಿಲ್ಲ."

ಆಮೇಲೆ ಹತ್ತೊಂಬತ್ತು ವರ್ಷ, ಪ್ರತಿ ಈದಿಗೆ, ಲಾಡಲೇಸಾಬ ಅದೇ ಕೋಟು ಹಾಕಿಕೊಂಡು ನಮಾಜಿಗೆ ಹೋದ. ಯಾರಾದರೂ ಕೆಂಪು ತೇಪೆಯ ಕಡೆ ಬೆರಳು ತೋರಿಸಿದರೆ ನಿಂತು, ಕುಂಬಳಕಾಯಿಯಿಂದ ಶುರು ಮಾಡಿ, ಒಂದನ್ನೂ ಬಿಡದೆ ಹೇಳುತ್ತಿದ್ದ.