ಉಣ್ಣೆ ಚೆಂಡಿನ ಹಾರ

ನನಗೀಗ ವಯಸ್ಸಾಗಿದೆ. ಸುಳ್ಳು ಹೇಳಿ ಯಾರಿಂದಲೂ ಏನೂ ಆಗಬೇಕಾಗಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಹಾಸನದ ಆ ಮೇಷ್ಟರಿಗೆ ನಮ್ಮೂರಿಂದ ಹೋದ ಪೋಸ್ಟ್ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಕೊಳಕಾದದ್ದನ್ನು ಬರೆದವನು ನಾನೇ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೊಳೆನರಸೀಪುರದಲ್ಲಿ ಸರ್ಕಾರಿ ಗುಮಾಸ್ತ. ಮದುವೆಯಾಗಿರಲಿಲ್ಲ, ಮನೆಯಲ್ಲಿ ನಾನು, ಅವ್ವ ಇಬ್ಬರೇ. ಸಂಜೆ ಐದಾಯಿತೆಂದರೆ ಕಡತ ಕಟ್ಟಿಟ್ಟು ಸ್ಕೂಲ್ ಮೈದಾನಕ್ಕೆ ಓಡುವುದೊಂದೇ ನನಗಿದ್ದ ಸಂಸಾರ. ಆಗ ನಮ್ಮ ಕಡೆ ಆಟ ಎಂದರೆ ಬಾಲ್ ಬ್ಯಾಡ್ಮಿಂಟನ್. ಒಂದೊಂದು ಕಡೆ ಐದೈದು ಜನ, ನಡುವೆ ನೆಟ್ಟು, ಹಳದಿ ಉಣ್ಣೆಯ ಚೆಂಡು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯೂ ತಂಡಗಳಿದ್ದವು, ಆದರೆ ನಮ್ಮ ಸೆಂಟರ್ ಆಟಗಾರನಂಥವನು ಎಲ್ಲೂ ಇರಲಿಲ್ಲ. ರೈಸ್ ಮಿಲ್ಲಿನಲ್ಲಿ ಮೂಟೆ ಎಣಿಸುತ್ತಿದ್ದ ಹುಡುಗ. ತಂದೆ ಇರಲಿಲ್ಲ. ತಾಯಿ, ಮದುವೆಗೆ ಬಂದಿದ್ದ ಒಬ್ಬ ತಂಗಿ, ಇಷ್ಟೇ ಮನೆ. ನನ್ನನ್ನು ಅಣ್ಣ ಎನ್ನುತ್ತಿದ್ದ. ಅವನು ಬ್ಯಾಟು ಬೀಸಿದರೆ ನಮಗೆ ನಾವೇ ಬೀಸಿದಷ್ಟು ಹೆಮ್ಮೆ.

ಆ ವರ್ಷ ಚನ್ನರಾಯಪಟ್ಟಣದ ಪಂದ್ಯದಲ್ಲಿ ನಾವು ಫೈನಲ್ಲಿಗೆ ಬಂದೆವು. ಮೊದಲ ಗೇಮ್ ನಮ್ಮದು, ಎರಡನೆಯದು ಅವರದು. ಮೂರನೆಯದು ಎಳೆದು ಎಳೆದು ಹೊತ್ತು ಮುಳುಗುವವರೆಗೆ ಹೋಯಿತು, ನಾವು ಸೋತೆವು. ನಮ್ಮ ಸೆಂಟರ್ ಕಡೆಯಲ್ಲಿ ಸುಲಭದ ಚೆಂಡುಗಳನ್ನೆಲ್ಲ ಬಿಟ್ಟ. ಬಿಸಿಲಲ್ಲಿ ಆಡಿ ಸುಸ್ತಾಗಿದ್ದಾನೆ ಎಂದುಕೊಂಡು, ಅಂಪೈರನ್ನು ಬೈದುಕೊಂಡು ಬಸ್ಸು ಹತ್ತಿದೆವು.

ಮುಂದಿನ ವಾರ ಹಾಸನದ ವಾರಪತ್ರಿಕೆ ಬಂತು. ಅದರಲ್ಲಿ ಆಟೋಟದ ಬಗ್ಗೆ ಬರೆಯುತ್ತಿದ್ದವರು ಹಾಸನದ ಒಬ್ಬ ಸ್ಕೂಲ್ ಮೇಷ್ಟರು. ಸಣಕಲು ಮನುಷ್ಯ, ದಪ್ಪ ಕನ್ನಡಕ, ಪಂದ್ಯ ಎಲ್ಲೇ ನಡೆಯಲಿ ಕೊಡೆ ಹಿಡಿದುಕೊಂಡು ಬಂದು ಗೆರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುವವರು. ಅವರು ಬರೆದಿದ್ದರು: "ಹೊಳೆನರಸೀಪುರದ ಸೆಂಟರ್ ಆಟಗಾರರು ಹೊತ್ತು ಇಳಿದ ಮೇಲೆ ಚೆಂಡನ್ನು ನೋಡುತ್ತಿಲ್ಲ, ಕೇಳುತ್ತಿದ್ದಾರೆ. ಎದುರಿನವರ ಬ್ಯಾಟಿನ ಸದ್ದಿನ ಅಂದಾಜಿನ ಮೇಲೆ ಕೈ ಬೀಸುತ್ತಿದ್ದಾರೆ. ಅವರು ಕಣ್ಣಿನ ಡಾಕ್ಟರನ್ನು ಕಾಣುವುದು ಒಳ್ಳೆಯದು. ಅಲ್ಲಿಯವರೆಗೆ ಸಂಜೆಯ ಆಟಕ್ಕೆ ಅವರನ್ನು ಇಳಿಸಬಾರದು."

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನೇ ಅದನ್ನು ಗಟ್ಟಿಯಾಗಿ ಓದಿದೆ. ಓದುತ್ತಾ ಓದುತ್ತಾ ಮೈಯೆಲ್ಲ ಉರಿದುಹೋಯಿತು.

"ಏನಂದ, ಏನಂದ? ನಮ್ ಹುಡುಗ ಕುರುಡ ಅಂದ್ನಾ?" ಎಂದು ತೆಂಗಿನಕಾಯಿ ಮಂಡಿಯ ಒಬ್ಬ ಲೋಟ ಕುಕ್ಕಿ ಎದ್ದ.

"ಅವ್ನು ಚನ್ನರಾಯಪಟ್ಟಣದ ಅಳಿಯ ಕಣ್ಲಾ! ಎಂಡ್ತಿ ಆ ಊರೋಳು. ಮಾವನ ಮನೆ ಅನ್ನ ತಿಂದು ಬರ್ದವ್ನೆ," ಎಂದ ಇನ್ನೊಬ್ಬ.

ಅಷ್ಟು ಸಾಕಾಯಿತು ನಮಗೆ. ಆ ಪತ್ರಿಕೆ ನಮ್ಮೂರಿಗೆ ಬರುತ್ತಿದ್ದದ್ದು ಬೆರಳೆಣಿಕೆಯಷ್ಟು ಪ್ರತಿ. ಬಂದದ್ದನ್ನು ಬೋಂಡ ಕಟ್ಟಿ ಮುಗಿಸುತ್ತಿದ್ದರು. ಸುಮ್ಮನಿದ್ದಿದ್ದರೆ ಎರಡು ದಿನದಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. ಆದರೆ ಸುಮ್ಮನಿರುವ ಜಾತಿಯೇ ನಮ್ಮದಲ್ಲವಲ್ಲ! ಕಾರ್ಡು ಬರೆಯುವುದೆಂದು ತೀರ್ಮಾನವಾಯಿತು. ಕವರು ಬೇಡ, ಕಾರ್ಡೇ ಆಗಬೇಕು. ಕಾರ್ಡಾದರೆ ಪೋಸ್ಟ್‌ಮನ್ ಓದುತ್ತಾನೆ, ಸ್ಕೂಲಿನ ಜವಾನ ಓದುತ್ತಾನೆ, ಪಕ್ಕದ ಮನೆಯವರು ಓದುತ್ತಾರೆ, ಕಡೆಗೆ ಅವರ ಕೈಗೆ ಸೇರುತ್ತದೆ. ಮನೆ ವಿಳಾಸಕ್ಕೊಂದು, ಸ್ಕೂಲ್ ವಿಳಾಸಕ್ಕೊಂದು ಎಂದು ದಿನಾ ಹಾಕಿದೆವು. "ಸೋಡಾ ಬುಡ್ಡಿ ಕಟ್ಟಿಕೊಂಡವನು ಊರವರ ಕಣ್ಣು ನೋಡಲು ಹೊರಟಿದ್ದಾನೆ" ಎಂಬುದು ಅವುಗಳಲ್ಲಿ ಸಭ್ಯವಾದದ್ದು. ಆ ದಂಪತಿಗೆ ಮಕ್ಕಳಿರಲಿಲ್ಲ. ಅದು ಗೊತ್ತಾದ ದಿನ ನಾನು ದುಂಡಗಿನ ಅಕ್ಷರದಲ್ಲಿ, ಅವರ ಹೆಂಡತಿಯ ಹೆಸರಿಗೇ ಬರೆದೆ. ಏನು ಬರೆದೆ ಎಂಬುದನ್ನು ಈಗಲೂ ಹೇಳಲಾರೆ. ಹೋಟೆಲಿನಲ್ಲಿ ಓದಿ ತೋರಿಸಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮೇಷ್ಟರು ಪತ್ರಿಕೆಯಲ್ಲಿ ಎರಡೇ ಸಾಲಿನ ಉತ್ತರ ಕೊಟ್ಟರು: "ನಾನು ಕಂಡದ್ದನ್ನು ಬರೆದಿದ್ದೇನೆ. ಆರು ಗಂಟೆಯ ಬೆಳಕಿನಲ್ಲಿ ಅವರು ಆಡುವುದನ್ನು ತೋರಿಸಿದರೆ ತಪ್ಪೊಪ್ಪಿಕೊಳ್ಳುತ್ತೇನೆ."

ಇಷ್ಟು ಪೊಗರೇ ಎಂದು ನಾವು ಕರಪತ್ರ ಅಚ್ಚು ಹಾಕಿಸಿದೆವು. ಮೇಲೆ ದಪ್ಪಕ್ಷರದಲ್ಲಿ ನಮ್ಮ ಹುಡುಗನ ಕಣ್ಣಿನ ಬಗ್ಗೆ ಅವರು ಮೊದಲು ಬರೆದಿದ್ದ ಮಾತುಗಳನ್ನೇ ಇಡಿಯಾಗಿ ಹಾಕಿ, ಕೆಳಗೆ "ಇದನ್ನು ಓದಿರಿ, ಉಗಿಯಿರಿ" ಎಂದು ಬರೆಸಿದೆವು. ಅರಕಲಗೂಡಿನ ಬಸ್ಸು, ಚನ್ನರಾಯಪಟ್ಟಣದ ಬಸ್ಸು, ಹಾಸನದ ಬಸ್ಸು, ಎಲ್ಲದರಲ್ಲೂ ಸೀಟು ಸೀಟಿಗೆ ಹಂಚಿಸಿದ್ದಾಯಿತು. ಸೆಂಟರ್ ಹುಡುಗ ಒಂದು ಮಧ್ಯಾಹ್ನ ಕಚೇರಿಗೇ ಬಂದು ನನ್ನ ಮೇಜಿನ ಮುಂದೆ ನಿಂತ.

"ಬ್ಯಾಡ ಕಣಣ್ಣ. ಬುಟ್ಬುಡಿ. ಬರ್ಕೊಂಡ್ರೆ ಬರ್ಕೊಳ್ಲಿ."

"ನೀನು ಸುಮ್ನಿರಪ್ಪ. ನಿನ್ ಮರ್ವಾದೆ ನಮ್ ಮರ್ವಾದೆ," ಎಂದೆ.

ಅವನು ಇನ್ನೇನೋ ಹೇಳಬೇಕೆಂದು ಬಾಯಿ ತೆರೆದ, ಹೇಳದೆ ಹೋದ. ಎಷ್ಟು ವಿನಯ ನೋಡಿ ಎಂದು ನಾನು ಪಕ್ಕದ ಗುಮಾಸ್ತರಿಗೆ ಹೇಳಿದೆ. ಅವನ ತಂದೆ ಬದುಕಿದ್ದಾಗ ಸಂಜೆಯಾದರೆ ಜಗುಲಿ ಬಿಟ್ಟು ಇಳಿಯುತ್ತಿರಲಿಲ್ಲ. ಅದನ್ನೂ ನಾವು ಗೌರವಸ್ಥರ ಲಕ್ಷಣ ಎಂದುಕೊಂಡಿದ್ದೆವು. ತಲೆಯಲ್ಲಿ ಏನು ತುಂಬಿಕೊಂಡಿದ್ದೆವೋ ದೇವರೇ ಬಲ್ಲ.

ತಂಗಿಗೆ ಅರಕಲಗೂಡಿನ ಕಡೆಯ ಒಂದು ಹೊಗೆಸೊಪ್ಪಿನ ಕುಳದ ಮನೆಯಿಂದ ಗಂಡು ಗೊತ್ತಾಗಿತ್ತು. ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು, ವೀಳ್ಯ ಬದಲಾಯಿಸುವುದೊಂದು ಬಾಕಿ. ಕರಪತ್ರ ಹಂಚಿದ ಮುಂದಿನ ವಾರವೇ ಗಂಡಿನ ಸೋದರಮಾವ ನಮ್ಮ ಹೋಟೆಲಿಗೆ ಬಂದು ಕೂತ. ಕೈಯಲ್ಲಿ ಮಡಿಸಿದ ಕರಪತ್ರ.

"ಇದೇನ್ ಸಾ ಇದು? ಆ ಹುಡುಗಂಗೆ ಇರುಳುಗಣ್ಣಾ? ಅವರಪ್ಪಂಗೂ ಅಂಗೇ ಇತ್ತಂತಲ್ಲ? ವಂಶದಲ್ಲಿ ಬಂದದ್ದು ನಮ್ಮನೆ ಮಕ್ಕಳಿಗೂ ಬತ್ತದೆ. ನಾವು ಯೋಚ್ನೆ ಮಾಡ್ಬೇಕಾಯ್ತದೆ."

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎಲ್ಲ ಆ ಮೇಷ್ಟರಿಂದಲೇ ಆದದ್ದು ಎಂದು ಇನ್ನಷ್ಟು ಹಲ್ಲು ಕಡಿದೆವು. "ಬರೋ ಭಾನುವಾರ ಬನ್ನಿ ಯಜಮಾನ್ರೇ, ಬರೆದವರ ಬಾಯಲ್ಲೇ ಸುಳ್ಳು ಅಂತ ಹೇಳಿಸ್ತೀವಿ. ಮುಂದಿನ ಸಾಲಲ್ಲೇ ಕೂತ್ಕೊಂಡು ಕೇಳಿ," ಎಂದು ನಾನು ಮಾತು ಕೊಟ್ಟೆ.

ಅವತ್ತೇ ಸಂಜೆ ಹಾಸನಕ್ಕೆ ಕಾಗದ ಬರೆದೆ. ಈ ಸಲ ಕಾರ್ಡಲ್ಲ, ಕವರು. "ಜಿಲ್ಲೆಯ ಕ್ರೀಡಾರಂಗಕ್ಕೆ ತಾವು ಸಲ್ಲಿಸಿರುವ ಸೇವೆಯನ್ನು ಗೌರವಿಸಿ ಸನ್ಮಾನಿಸಲು ನಿಶ್ಚಯಿಸಿದ್ದೇವೆ. ಆದದ್ದೆಲ್ಲ ಮರೆತು ಸಪತ್ನೀಕರಾಗಿ ದಯಮಾಡಿಸಬೇಕು" ಎಂದು ಅಚ್ಚುಕಟ್ಟಾಗಿ ಬರೆದು ಅಂಟಿಸಿದೆ.

ನಂಬಿ ಬಂದರು. ಇಸ್ತ್ರಿ ಮಾಡಿದ ಕರಿ ಕೋಟು, ಮಡಿ ಪಂಚೆ. ಹೆಂಡತಿ ಮುಡಿ ತುಂಬ ಕನಕಾಂಬರ ಮುಡಿದಿದ್ದರು. ಬಸ್ಸಿಳಿದೊಡನೆ ಆಕೆಯೇ ನನಗೆ ಎರಡೂ ಕೈ ಮುಗಿದು, "ದೊಡ್ಡ ಮನಸ್ಸು ನಿಮ್ಮದು. ಇವರು ಎಷ್ಟೋ ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ," ಎಂದರು. ನಾನು ಅವರನ್ನು ನಗುತ್ತಲೇ ಕರೆದುಕೊಂಡು ಹೋದೆ.

ಮೈದಾನದಲ್ಲಿ ವೇದಿಕೆ, ವೇದಿಕೆಯ ಮೇಲೆ ಎರಡು ಕುರ್ಚಿ. ಒಂದು ಮೇಷ್ಟರಿಗೆ, ಪಕ್ಕದ್ದು ಅಧ್ಯಕ್ಷತೆ ವಹಿಸಬೇಕಾಗಿದ್ದ ಮಂಡಿ ಸಾಹುಕಾರರಿಗೆ. ಸಾಹುಕಾರರು ಈಗ ಬರುತ್ತಾರೆ ಆಗ ಬರುತ್ತಾರೆ ಎಂದು ಕಾದು ಕಾದು ಆರು ಗಂಟೆ ದಾಟಿತು, ಅವರ ಪತ್ತೆಯಿಲ್ಲ. ಪೆಟ್ರೋಮ್ಯಾಕ್ಸ್ ತರಲು ಹೋದವನೂ ಬಂದಿರಲಿಲ್ಲ. ಮಸುಕು ಬೆಳಕಲ್ಲೇ ನಾನು ಎದ್ದು ನಿಂತು ಸಭೆ ಶುರು ಮಾಡಿದೆ. ಮುಂದಿನ ಸಾಲಿನಲ್ಲಿ ಅರಕಲಗೂಡಿನ ಸೋದರಮಾವ, ಆ ಕಡೆ ಹೆಂಗಸರ ನಡುವೆ ಹುಡುಗಿ ಮತ್ತು ಅವಳ ತಾಯಿ.

ನಾನು ತಟ್ಟೆಯ ಮೇಲಿನ ಬಟ್ಟೆ ಸರಿಸಿ ಹಾರವನ್ನು ಎತ್ತಿ ತೋರಿಸಿದೆ. ಹೂವಿನ ಹಾರವಲ್ಲ. ಸವೆದು ಕೊಳೆತ ಉಣ್ಣೆ ಚೆಂಡುಗಳನ್ನು ಬ್ಯಾಟಿಗೆ ಹೆಣೆಯುವ ನರದ ಹರಿದ ತುಂಡಿನಲ್ಲಿ ಪೋಣಿಸಿದ್ದೆವು. ಜನ ಹೋ ಎಂದು ನಕ್ಕರು. ಮೇಷ್ಟರು ಒಂದು ಕ್ಷಣ ತಾವೂ ನಕ್ಕರು, ಆಮೇಲೆ ಅವರಿಗೆ ಅರ್ಥವಾಯಿತು. ಕೆಳಗೆ ಕೂತಿದ್ದ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಬರೆದದ್ದು ಸುಳ್ಳು ಅಂತ ಹೇಳಿಬಿಡಿ ಮೇಷ್ಟ್ರೇ, ಕೊನೇ ಬಸ್ಸಿಗೆ ಕಳಿಸ್ತೀವಿ," ಎಂದೆ.

"ನಾನು ಕಂಡದ್ದು ಬರೆದೆ," ಎಂದರು. ಮಾತು ಬದಲಿಸಲಿಲ್ಲ.

"ನೀವು ಕಂಡದ್ದರಿಂದ ಒಂದು ಹೆಣ್ಣು ಮಗಳ ಮದುವೆ ನಿಂತಿದೆ, ಅದು ಗೊತ್ತಾ?"

ಅವರು ತಟ್ಟನೆ ತಲೆಯೆತ್ತಿದರು. "ಯಾವ ಹೆಣ್ಣು ಮಗಳು?"

ನಾನು ಬೆರಳು ಮಾಡಿ ತೋರಿಸಿದೆ, ಅಷ್ಟೂ ಜನರ ಎದುರಿಗೆ. ಹುಡುಗಿ ತಲೆ ತಗ್ಗಿಸಿದಳು. ಮೇಷ್ಟರು ಅವಳನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ನಿಂತರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾನು ಬರೆದದ್ದು ತಪ್ಪು. ದೋಷ ನನ್ನ ಕಣ್ಣಿನದು, ಆ ಹುಡುಗನದಲ್ಲ. ಇದನ್ನೇ ಪತ್ರಿಕೆಯಲ್ಲೂ ಬರೆಯುತ್ತೇನೆ. ಕ್ಷಮಿಸಬೇಕು," ಎಂದು ಸಭೆಗೆ ಕೈ ಮುಗಿದು ಕೂತರು.

ಶಿಳ್ಳೆಯೋ ಶಿಳ್ಳೆ. ಸೋದರಮಾವ ಹುಡುಗಿಯ ತಾಯಿಯ ಕಡೆ ತಿರುಗಿ ತಲೆಯಾಡಿಸಿದ. ಅಲ್ಲಿಗೆ ಎಲ್ಲ ಮುಗಿದಿತ್ತು, ಒಳ್ಳೆಯದೇ ಆಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು! ಆದರೆ ಹಾರ ಕೈಯಲ್ಲೇ ಇತ್ತು. ಅಷ್ಟು ಕಷ್ಟಪಟ್ಟು ಮಾಡಿದ ಹಾರ. ನಾನು ಸೆಂಟರ್ ಹುಡುಗನನ್ನು ವೇದಿಕೆಗೆ ಎಳೆದು, "ನಿನ್ ಕೈಯಾರೆ ಹಾಕು," ಎಂದೆ.

"ಬ್ಯಾಡ ಕಣಣ್ಣ. ಈಗ ಬ್ಯಾಡ," ಎಂದ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ಅವನ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ನಾನು ಬಿಡಿಸಿಕೊಂಡು, ಹಾರ ಕೊಟ್ಟು, ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳಿದೆ.

ನಾಲ್ಕೇ ಹೆಜ್ಜೆ. ಅವನು ಹಾರ ಹಿಡಿದು ನಿಂತ. ತಾವು ಯಾವ ಕುರ್ಚಿಯಲ್ಲಿದ್ದೇವೆಂದು ಅವನಿಗೆ ಕಾಣುತ್ತಿಲ್ಲ ಎಂದು ಮೇಷ್ಟರಿಗೆ ಆಗ ತಿಳಿಯಿತು. ಅವರು ಕೆಮ್ಮಿದರು. ಮತ್ತೊಮ್ಮೆ, ಗಟ್ಟಿಯಾಗಿ ಕೆಮ್ಮಿದರು. ನಾನಿಲ್ಲಿದ್ದೇನೆ, ಈ ಕಡೆ ಬಾ ಎಂದು ದಾರಿ ತೋರಿಸುತ್ತಿದ್ದರು. ಅವನು ಸದ್ದಿನ ಮೇಲೆ ಆಡುವವನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೆ ನಮ್ಮವರ ಶಿಳ್ಳೆ ನಿಂತಿರಲಿಲ್ಲ. ಆ ಗದ್ದಲದಲ್ಲಿ ಅವನಿಗೆ ಕೆಮ್ಮು ಕೇಳಲಿಲ್ಲ. ನೇರ ನಡೆದುಹೋಗಿ, ಸಾಹುಕಾರರ ಖಾಲಿ ಕುರ್ಚಿಯ ಬೆನ್ನಿಗೆ ಹಾರ ಹಾಕಿ, ಖಾಲಿ ಕುರ್ಚಿಗೆ ಕೈ ಮುಗಿದ.

ಶಿಳ್ಳೆ ನಿಂತಿತು. ಹಿಂದಿನಿಂದ ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಮೈದಾನ ನಕ್ಕಿತು. ಅವನ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ ಬಾಯಿಗಳೇ. "ಲೇ, ಕುರ್ಚಿಗೆ ಸನ್ಮಾನ ಮಾಡ್ಬುಟ್ನಲ್ಲೋ!" ಎಂದು ಕಿರುಚಿದವನು ಹೋಟೆಲಿನಲ್ಲಿ ಲೋಟ ಕುಕ್ಕಿದ್ದ ಅದೇ ಮಂಡಿಯವನು. ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಸೋದರಮಾವ ಎದ್ದು, ಪಂಚೆಯ ಧೂಳು ಕೊಡವಿಕೊಂಡು, ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ಹೊರಟ. ಮೇಷ್ಟರು ಎದ್ದು ಬಂದು ಹುಡುಗನ ಕೈ ಹಿಡಿದು ಮೆಟ್ಟಿಲಿಳಿಸಿದರು.

ಮೇಷ್ಟರು ಕೊಟ್ಟ ಮಾತಿನಂತೆ ತಪ್ಪೊಪ್ಪಿಗೆ ಬರೆದರು. ಅದಾದ ಮೇಲೆ ಪತ್ರಿಕೆಯಲ್ಲಿ ಅವರ ಬರಹ ಬರಲಿಲ್ಲ, ಗೆರೆಯ ಪಕ್ಕದಲ್ಲಿ ಅವರ ಕೊಡೆಯೂ ಕಾಣಲಿಲ್ಲ. ನಮ್ಮ ಹುಡುಗನನ್ನು ಮುಂದಿನ ಪಂದ್ಯಕ್ಕೆ ತಂಡದಿಂದ ಬಿಟ್ಟರು. ಕಣ್ಣು ಕಾಣದವನನ್ನು ಯಾರಾದರೂ ಇಳಿಸುತ್ತಾರೆಯೇ ಎಂದು ಹೋಟೆಲಿನಲ್ಲಿ ಎಲ್ಲರೂ ಒಪ್ಪಿದರು. ಮೊದಲಿಂದಲೂ ತಮಗೆ ಅನುಮಾನವಿತ್ತು ಎಂದವರೂ ಇದ್ದರು.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ಅವನ ತಾಯಿ ನಮ್ಮ ಮನೆಗೆ ಬಂದರು. ನಮ್ಮ ಕಡೆಯವರೇ, ಕುಲದಲ್ಲಿ ಅಡ್ಡಿಯಿರಲಿಲ್ಲ. ಒಳಗೆ ನಮ್ಮವ್ವನ ಎದುರು ಕೂತು, "ಅರಕಲಗೂಡೋರು ಒಲ್ಲೆ ಅಂದ್ಬುಟ್ರು ಕಣಕ್ಕ. ಚನ್ನರಾಯಪಟ್ಟಣದಿಂದ ಹೆಣ್ ನೋಡಾಕೆ ಬತ್ತೀವಿ ಅಂದಿದ್ದೋರೂ ಬರಾಕಿಲ್ಲ ಅಂದ್ರು. ನಿಮ್ಮ ಮಗ ನಮ್ ಹುಡುಗನ್ನ ತಮ್ಮನಂಗೆ ನೋಡ್ಕೊಂಡೋನು. ನಮ್ಮ ಮಗೀನ ನೀವೇ ಮನೆ ತುಂಬಿಸ್ಕೊಳಿ," ಎಂದರು.

ಅವ್ವ ಎದ್ದು ನಡುಮನೆಗೆ ಬಂದು ನನ್ನ ಮುಖ ನೋಡಿದಳು. "ಹುಡುಗಿ ಲಕ್ಷಣವಾಗವಳೆ. ಏನಂತೀಯಪ್ಪ?"

ನನಗೆ ಯೋಚನೆಯೇ ಬೇಕಾಗಲಿಲ್ಲ. "ಇರುಳುಗಣ್ಣಿನ ಮನೆ ಕಣವ್ವ. ಪೇಪರಲ್ಲೇ ಬಂದಿಲ್ವಾ? ಬೇಡ," ಎಂದೆ. ಮೆಲ್ಲಗೇ ಹೇಳಿದೆ, ಒಳಗಿದ್ದ ಅವರಿಗೆ ಕೇಳಿಸಬಾರದೆಂದು.

ತಾಯಿಯ ಜೊತೆ ಅವನೂ ತಂಗಿಯೂ ಬಂದಿದ್ದಾರೆ, ಹೊರಗೆ ಜಗುಲಿಯ ಮೇಲೆ ಕೂತಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಅವನ ದನಿ ಬಂತು, ಕೋಪವಿಲ್ಲದ ದನಿ:

"ಅವ್ವಾ, ಎದ್ದು ಬಾರವ್ವ. ಅಣ್ಣ ಹೇಳಿದ್ದು ಕೇಳುಸ್ತು."

ನಾನು ಬಾಗಿಲಿಗೆ ಬರುವಷ್ಟರಲ್ಲಿ ಮೂವರೂ ಬೀದಿಗಿಳಿದಿದ್ದರು. ಮುಂದೆ ತಾಯಿ ಹೋಗುತ್ತಿದ್ದರು. ಹಿಂದೆ ತಂಗಿ ಅಣ್ಣನ ಕೈ ಹಿಡಿದುಕೊಂಡು, ಕಲ್ಲು ಸಿಕ್ಕಲ್ಲಿ ಕಲ್ಲು, ಚರಂಡಿ ಸಿಕ್ಕಲ್ಲಿ ಚರಂಡಿ ಎಂದು ಹೇಳುತ್ತಾ ನಡೆಸಿಕೊಂಡು ಹೋದಳು.